ಆದಿ ಕ್ರೈಸ್ತ ಬೆಸಿಲಿಕಾ: ಛಾವಣಿಯಿಂದ ಕೆಳಕ್ಕೆ ಓದಬೇಕಾದ ಕಟ್ಟಡ

ಪ್ರಶ್ನೆ: ನಾನು ಆರ್ಕಿಟೆಕ್ಚರ್ ಎರಡನೇ ವರ್ಷದ ವಿದ್ಯಾರ್ಥಿನಿ. ಆದಿ ಕ್ರೈಸ್ತ ಕಾಲದ ಒಂದು ಬೆಸಿಲಿಕಾದ 1:100 ಸೆಕ್ಷನ್ ಮಾಡೆಲ್ ಮಾಡಬೇಕಿದೆ. ಸಿಗುವ ಟಿಪ್ಪಣಿಗಳಲ್ಲೆಲ್ಲ ಪ್ಲಾನಿನ ಮೇಲೆ ನೇವ್ (ನಡುಅಂಕಣ), ಐಲ್ (ಪಕ್ಕದ ಅಂಕಣ), ಏಪ್ಸ್ (ಕೊನೆಯ ಅರ್ಧವೃತ್ತ) ಎಂದು ಹೆಸರು ಬರೆದಿರುತ್ತದೆ, ಅಷ್ಟೇ. ಕಂಬದ ಸಾಲಿನ ಮೇಲೆ ಅಷ್ಟೆತ್ತರದ ಗೋಡೆ ಹೇಗೆ ನಿಲ್ಲುತ್ತದೆ? ದೇವಾಲಯ ಕಟ್ಟುವ ವಿದ್ಯೆ ರೋಮಿನವರಿಗೆ ಚೆನ್ನಾಗಿಯೇ ಗೊತ್ತಿತ್ತಲ್ಲ, ಕ್ರೈಸ್ತರು ಆ ರೂಪವನ್ನು ಏಕೆ ಬಿಟ್ಟರು? ಐಹೊಳೆಯ ದುರ್ಗ ಗುಡಿಯ ಹಿಂಭಾಗವೂ ಹೀಗೇ ದುಂಡಗಿದೆ. ಇವೆರಡಕ್ಕೂ ಏನಾದರೂ ಸಂಬಂಧವಿದೆಯೇ?

ಉತ್ತರ: ನಿಮಗೆ ಸೆಕ್ಷನ್ ಮಾಡಲು ಹೇಳಿರುವುದು ಒಳ್ಳೆಯದೇ ಆಯಿತು. ಬೆಸಿಲಿಕಾವನ್ನು ಪ್ಲಾನಿನಿಂದ ಕಲಿತರೆ ಅದು ಆಯತಾಕಾರದ ಒಂದು ಹಾಲ್, ಎರಡು ಕಂಬದ ಸಾಲು, ಕೊನೆಗೊಂದು ಅರ್ಧವೃತ್ತ ಎಂದಷ್ಟೇ ತಲೆಯಲ್ಲಿ ಉಳಿಯುತ್ತದೆ. ಆ ಗೋಡೆ ಏಕೆ ತೆಳು, ಕಂಬಗಳು ಏಕೆ ಅಷ್ಟು ಹತ್ತಿರ, ಕಿಟಕಿಗಳು ಏಕೆ ಅಷ್ಟು ದೊಡ್ಡವು, ಸಾವಿರ ವರ್ಷದ ನಂತರ ಕಟ್ಟಡ ಕೆಟ್ಟರೆ ಎಲ್ಲಿಂದ ಕೆಡುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಇರುವುದು ಮರದ ಛಾವಣಿಯಲ್ಲಿ. ಆದ್ದರಿಂದ ಛಾವಣಿಯಿಂದ ಶುರುಮಾಡಿ ಕೆಳಗಿಳಿಯೋಣ. ಮಾದರಿಗೆ ರೋಮಿನ ಅವೆಂಟೈನ್ ಗುಡ್ಡದ ಮೇಲಿರುವ ಸಾಂತಾ ಸಬೀನಾ ಚರ್ಚನ್ನು ಆಯ್ದುಕೊಳ್ಳಿ. 422ರಿಂದ 432ರವರೆಗೆ ಪೋಪ್ ಆಗಿದ್ದ ಮೊದಲನೇ ಸೆಲೆಸ್ಟೀನ್ ಕಾಲದಲ್ಲಿ ಇದನ್ನು ಇಲ್ಲಿರಿಯಾದ ಪೀಟರ್ ಎಂಬ ಪಾದ್ರಿ ಕಟ್ಟಿಸಿದ. ಬಾಗಿಲಿನ ಮೇಲಿನ ಒಳಗೋಡೆಯಲ್ಲಿ ಮೊಸಾಯಿಕ್ ಅಕ್ಷರಗಳ ಶಾಸನ ಇಂದಿಗೂ ಆ ಹೆಸರು ಹೇಳುತ್ತದೆ. ಆ ಕಾಲದ ಬೆಸಿಲಿಕಾಗಳಲ್ಲಿ ಮೂಲ ರೂಪ ಇಷ್ಟು ಸ್ವಚ್ಛವಾಗಿ ಕಾಣುವುದು ಬೇರೆಲ್ಲೂ ಇಲ್ಲ ಎಂದೇ ನನ್ನ ಅಭಿಪ್ರಾಯ.

ಮೊದಲು ದೇವಾಲಯದ ಪ್ರಶ್ನೆ ಮುಗಿಸಿಬಿಡುತ್ತೇನೆ. ರೋಮನ್ ದೇವಾಲಯ ದೇವರ ಮೂರ್ತಿಯ ಮನೆ. ಬಲಿಪೀಠ ಹೊರಗೆ, ಮೆಟ್ಟಿಲಿನ ಮುಂದೆ ಬಯಲಿನಲ್ಲಿ. ಜನ ಸೇರುತ್ತಿದ್ದದ್ದೂ ಅಲ್ಲೇ. ಒಳಕೋಣೆಯಲ್ಲಿ ನೂರಾರು ಜನ ಸೇರಬೇಕಾದ ಸಂದರ್ಭವೇ ಇರಲಿಲ್ಲ. ಕ್ರೈಸ್ತರ ಆರಾಧನೆಗೆ ಬೇಕಾದದ್ದು ಇದಕ್ಕೆ ಪೂರಾ ವಿರುದ್ಧ: ಇಡೀ ಸಭೆ ಒಳಗಿರಬೇಕು, ಓದುವವರ ದನಿ ಎಲ್ಲರಿಗೂ ಕೇಳಬೇಕು, ಒಂದೇ ಮೇಜಿನ ಸುತ್ತ ಎಲ್ಲರ ಕಣ್ಣು ನೆಡಬೇಕು. ಜೊತೆಗೆ ಬಲಿ ಕೊಡುವ ಗುಡಿಯ ರೂಪವೇ ಅವರಿಗೆ ಅಸಹ್ಯವಾಗಿತ್ತು. ಹಾಗಾಗಿ ಅವರು ಕೈಹಾಕಿದ್ದು ಊರ ನಡುವೆ ನ್ಯಾಯ, ವ್ಯಾಪಾರ, ಸರ್ಕಾರಿ ಸಭೆಗಳು ನಡೆಯುತ್ತಿದ್ದ ಸಾರ್ವಜನಿಕ ಹಾಲಿಗೆ. ಅದರ ಹೆಸರೇ ಬೆಸಿಲಿಕಾ. ಪಾಂಪೇಯಲ್ಲಿ ಕ್ರಿಸ್ತಪೂರ್ವ 2ನೇ ಶತಮಾನದ್ದು ಇದೆ. ರೋಮಿನಲ್ಲಿ ಟ್ರಾಜನ್ ಚಕ್ರವರ್ತಿಯ ಬೆಸಿಲಿಕಾ ಉಲ್ಪಿಯಾ 112ರಲ್ಲಿ ಲೋಕಾರ್ಪಣೆಯಾಯಿತು.

ಆದರೆ ಹಾಲನ್ನು ಇದ್ದ ಹಾಗೇ ಎತ್ತಿಕೊಳ್ಳಲಿಲ್ಲ. ಉಲ್ಪಿಯಾದ ಮುಖ್ಯ ಬಾಗಿಲುಗಳಿದ್ದದ್ದು ಉದ್ದನೆಯ ಬದಿಯಲ್ಲಿ, ದುಂಡನೆಯ ಕೊನೆ ಎರಡೂ ಕಡೆ. ಬಾಗಿಲನ್ನು ಗಿಡ್ಡ ಬದಿಗೆ ತಂದು, ಎದುರಿನ ಕೊನೆಯಲ್ಲಿ ಮಾತ್ರ ಅರ್ಧವೃತ್ತ ಉಳಿಸಿದಾಗ ಕಟ್ಟಡಕ್ಕೆ ದಿಕ್ಕು ಬಂತು. ಒಳಗೆ ಕಾಲಿಟ್ಟವನ ಕಣ್ಣು ಕಂಬದ ಸಾಲಿನ ಗುಂಟ ಓಡಿ ಬಲಿಪೀಠದ ಬಳಿ ನಿಲ್ಲುತ್ತದೆ. ಚಕ್ರವರ್ತಿಯ ದರ್ಬಾರು ಹಾಲಿನಲ್ಲಿ ಈ ವ್ಯವಸ್ಥೆ ಆಗಲೇ ಇತ್ತು. ಜರ್ಮನಿಯ ಟ್ರಿಯರ್‌ನಲ್ಲಿ 310ರ ಸುಮಾರಿನ ಅಂಥ ಹಾಲ್ ಇವತ್ತಿಗೂ ನಿಂತಿದೆ: ಉದ್ದ 67 ಮೀಟರ್, ಅಗಲ 27, ಎತ್ತರ 33, ಒಳಗೆ ಒಂದೂ ಕಂಬವಿಲ್ಲ. 312ರಲ್ಲಿ ಮ್ಯಾಕ್ಸೆಂಟಿಯಸನನ್ನು ಸೋಲಿಸಿದ ಕಾನ್‌ಸ್ಟಂಟೈನ್, ಸೋತವನ ಪರ ನಿಂತಿದ್ದ ಕುದುರೆ ಕಾವಲುಪಡೆಯ ಬಿಡಾರವನ್ನು ನೆಲಸಮ ಮಾಡಿಸಿ ಅದೇ ಜಾಗದಲ್ಲಿ ಲ್ಯಾಟರನ್ ಬೆಸಿಲಿಕಾ ಎಬ್ಬಿಸಿದ. ಐದು ಅಂಕಣಗಳ, ನೂರು ಮೀಟರಿನಷ್ಟು ಉದ್ದದ ಆ ಕಟ್ಟಡದಿಂದ ಈ ರೂಪಕ್ಕೆ ರಾಜಮುದ್ರೆ ಬಿತ್ತು.

ಈಗ ಛಾವಣಿ. ಅದೇ ಹೊತ್ತಿಗೆ ರೋಮಿನ ಫೋರಮ್ ಪಕ್ಕದಲ್ಲಿ ಮ್ಯಾಕ್ಸೆಂಟಿಯಸ್ ಶುರುಮಾಡಿ ಕಾನ್‌ಸ್ಟಂಟೈನ್ ಮುಗಿಸಿದ ಬೆಸಿಲಿಕಾ ಇತ್ತು. ನಡುಭಾಗದ ಅಗಲ 25 ಮೀಟರ್, ಎತ್ತರ 35, ಮೇಲೆ ಕಾಂಕ್ರೀಟಿನ ಕಮಾನು ಛಾವಣಿ. ಆ ಭಾರ ಗೋಡೆಯನ್ನು ಹೊರಕ್ಕೆ ತಳ್ಳುವುದನ್ನು ತಡೆಯಲು ಎರಡೂ ಬದಿಗೆ ಭಾರಿ ಅಡ್ಡಗೋಡೆಗಳು, ಅವುಗಳ ಮೇಲೆ ಮತ್ತೆ ಕಮಾನು ಕೋಣೆಗಳು. ಈಗಿನ ಸೇಂಟ್ ಪೀಟರ್ಸ್‌ಗೆ ಮೊದಲು ಅದೇ ಜಾಗದಲ್ಲಿದ್ದ ಹಳೆಯ ಸೇಂಟ್ ಪೀಟರ್ಸ್ ಬೆಸಿಲಿಕಾದ ನಡುಅಂಕಣವೂ ಹೆಚ್ಚುಕಡಿಮೆ ಅಷ್ಟೇ ಅಗಲ, ಆದರೆ ಅದರ ಗೋಡೆ ನಿಂತದ್ದು ಕಂಬಗಳ ಮೇಲೆ. ವ್ಯತ್ಯಾಸ ಮಾಡಿದ್ದು ಮರದ ಟ್ರಸ್, ಅಂದರೆ ತೊಲೆಗಳನ್ನು ತ್ರಿಕೋನವಾಗಿ ಜೋಡಿಸಿದ ಚೌಕಟ್ಟು. ಕಾಂಕ್ರೀಟಿನ ಕಮಾನಿಗೆ ಅಪಾರ ಸುಣ್ಣ, ಅಪಾರ ಸೆಂಟ್ರಿಂಗ್ ಮರ, ವರ್ಷಗಟ್ಟಲೆ ಕಾಯುವ ತಾಳ್ಮೆ ಬೇಕು. ಟ್ರಸ್ಸಿಗೆ ಬೇಕಾದದ್ದು ಉದ್ದನೆಯ ಮರ ಮತ್ತು ನುರಿತ ಬಡಗಿಗಳು. ಹೊಸ ಸೇಂಟ್ ಪೀಟರ್ಸ್ 1506ರಿಂದ 1626ರವರೆಗೆ 120 ವರ್ಷ ಹಿಡಿಯಿತು. ಸಾಂತಾ ಸಬೀನಾದ ಕೆಲಸ ಹತ್ತು ವರ್ಷದ ಆಸುಪಾಸಿನಲ್ಲಿ ಮುಗಿದಿದೆ.

ಟ್ರಸ್ಸಿನ ಅಂಗಗಳು ನಾಲ್ಕು: ಗೋಡೆಯಿಂದ ಗೋಡೆಗೆ ಹೋಗುವ ಅಡ್ಡತೊಲೆ, ಎರಡು ಬದಿಯ ಇಳಿಜಾರು ತೊಲೆಗಳು, ನೆತ್ತಿಯಿಂದ ಇಳಿಬಿದ್ದ ನಡುಗಂಬ, ನಡುಗಂಬದಿಂದ ಇಳಿಜಾರು ತೊಲೆಗೆ ಊರುಗೋಲಿನಂತೆ ಕೊಟ್ಟ ಓರೆ ತುಂಡುಗಳು. ವಿದ್ಯಾರ್ಥಿಗಳು ಸಾಮಾನ್ಯವಾಗಿ ತಪ್ಪುವುದು ನಡುಗಂಬದಲ್ಲಿ. ಅದನ್ನು ಅಡ್ಡತೊಲೆಯ ಮೇಲೆ ಊರಿದಂತೆ ಬರೆಯುತ್ತಾರೆ. ಅದು ಊರುವುದಿಲ್ಲ, ನೇತಾಡುತ್ತದೆ. ಇಟಲಿಯ ಟ್ರಸ್ಸುಗಳಲ್ಲಿ ನಡುಗಂಬದ ತುದಿಗೂ ಅಡ್ಡತೊಲೆಗೂ ನಡುವೆ ಕೆಲವು ಸೆಂಟಿಮೀಟರ್ ಖಾಲಿ ಬಿಟ್ಟು, ಕೆಳಗಿನಿಂದ ಕಬ್ಬಿಣದ ಪಟ್ಟಿ ಹಾಕಿ ಅಡ್ಡತೊಲೆ ಜೋತುಬೀಳದಂತೆ ಹಿಡಿದಿರುತ್ತಾರೆ. ಅಡ್ಡತೊಲೆಯ ಕೆಲಸ ಭಾರ ಹೊರುವುದಲ್ಲ. ಇಳಿಜಾರು ತೊಲೆಗಳ ಬುಡ ಹೊರಕ್ಕೆ ಜಾರದಂತೆ ಎಳೆದು ಹಿಡಿಯುವುದು.

ಆ ಎಳೆತ ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ರೋಮನ್ ಹೆಂಚಿನ ಛಾವಣಿಯ ಇಳಿಜಾರು 20ರಿಂದ 25 ಡಿಗ್ರಿ. ಅದಕ್ಕಿಂತ ಕಡಿದು ಮಾಡುವ ಹಾಗಿಲ್ಲ, ಏಕೆಂದರೆ ಅಂಚೆದ್ದ ಚಪ್ಪಟೆ ಹೆಂಚು ಮತ್ತು ಅದರ ಸಂದಿ ಮುಚ್ಚುವ ಬೋರಲು ಹೆಂಚು ಎರಡೂ ಬಹುಮಟ್ಟಿಗೆ ಸ್ವಂತ ಭಾರದಿಂದಲೇ ಕೂರುತ್ತವೆ. ನಮ್ಮ ಮಂಗಳೂರು ಹೆಂಚಿಗೆ ರೀಪಿಗೆ ಸಿಕ್ಕಿಕೊಳ್ಳುವ ಉಬ್ಬು ಇರುವುದರಿಂದ ಇನ್ನೂ ಕಡಿದಾದ ಮಾಡಿನಲ್ಲೂ ಅದು ಜಾರುವುದಿಲ್ಲ. ರೋಮನ್ ಹೆಂಚಿಗೆ ಆ ಅನುಕೂಲವಿಲ್ಲ. ಇಳಿಜಾರು 22 ಡಿಗ್ರಿ ಎಂದಿಟ್ಟುಕೊಂಡರೆ, 13.5 ಮೀಟರ್ ಅಗಲಕ್ಕೆ ನೆತ್ತಿಯ ಎತ್ತರ 2.7 ಮೀಟರ್. ಭಾರ ಸಮನಾಗಿ ಹರಡಿದ್ದರೆ, ಬುಡದಲ್ಲಿ ಹೊರಕ್ಕೆ ತಳ್ಳುವ ಬಲ ಆ ಬದಿಯ ಗೋಡೆಗೆ ಇಳಿಯುವ ಭಾರದ ಸುಮಾರು 1.25 ಪಟ್ಟು! ಅಡ್ಡತೊಲೆ ಸರಿಯಿರುವವರೆಗೆ ಈ ಬಲ ಟ್ರಸ್ಸಿನೊಳಗೇ ತೀರಿಹೋಗುತ್ತದೆ, ಗೋಡೆಗೆ ತಲುಪುವುದು ನೇರ ಕೆಳಮುಖದ ಭಾರ ಮಾತ್ರ. ಗೋಡೆ ತೆಳುವಾಗಿರಬಹುದಾದದ್ದು ಈ ಒಂದು ಕಾರಣಕ್ಕೆ.

ಅಡ್ಡತೊಲೆ ಸೋತರೆ ಆಗುವುದೂ ಇದರಿಂದಲೇ ತಿಳಿಯುತ್ತದೆ. ತೊಲೆ ನಡುವೆ ಮುರಿಯುವುದು ಕಡಿಮೆ. ಕೊಳೆಯುವುದು ತುದಿ: ಗೋಡೆಯ ಗೂಡಿನೊಳಗೆ ಗಾಳಿಯಾಡದೆ, ಸೂರಿನ ಬಳಿ ಒಡೆದ ಹೆಂಚಿನಿಂದ ನೀರಿಳಿದು ತೊಲೆಯ ತುದಿ ಮೆತ್ತಗಾಗುತ್ತದೆ. ಇಳಿಜಾರು ತೊಲೆಯ ಬುಡವನ್ನು ಕಚ್ಚು ಹಾಕಿ ಕೂರಿಸಿರುವುದೂ ಅದೇ ತುದಿಯಲ್ಲಿ. ಮರ ಮೆತ್ತಗಾದೊಡನೆ ಕಚ್ಚಿನ ಮುಂದಿನ ತುಂಡು ಸಿಡಿದು ಬುಡ ಜಾರುತ್ತದೆ, ಆಮೇಲೆ ಗೋಡೆಯ ತಲೆ ಹೊರಕ್ಕೆ ಹೋಗುತ್ತದೆ. ಅದಕ್ಕೇ ತೊಲೆಯ ತುದಿಯ ಸುತ್ತ ಗಾಳಿಗೆ ಜಾಗ ಬಿಡುವುದು, ತುದಿಯ ಕೆಳಗೆ ಚಾಚುತೊಲೆ ಕೊಡುವುದು, ಕೊಳೆತಷ್ಟನ್ನು ಕತ್ತರಿಸಿ ಹೊಸ ಮರವನ್ನು ಓರೆ ಕಚ್ಚಿನಲ್ಲಿ ಬೆಸೆಯುವುದು ರಿಪೇರಿಯ ನಿತ್ಯದ ಕೆಲಸವಾಯಿತು. ಇದು ಎಷ್ಟು ದೊಡ್ಡ ಚಿಂತೆಯಾಗಿತ್ತೆಂದರೆ ಪೋಪರ ಪತ್ರವ್ಯವಹಾರದಲ್ಲೂ ಮರದ ಮಾತು ಬರುತ್ತದೆ. 600ರ ಸುಮಾರಿಗೆ ಮೊದಲನೇ ಗ್ರೆಗರಿ ದಕ್ಷಿಣ ಇಟಲಿಯಿಂದ ತೊಲೆ ತರಿಸಲು ಬರೆದ. 8ನೇ ಶತಮಾನದ ಕೊನೆಗೆ ಮೊದಲನೇ ಹೇಡ್ರಿಯನ್, ಸೇಂಟ್ ಪೀಟರ್ಸ್ ಛಾವಣಿಗೆ ಸ್ಪೊಲೆಟೊ ಕಡೆಯ ಮರ ಬೇಕೆಂದು ಶಾರ್ಲಮೇನ್ ದೊರೆಯನ್ನು ಕೇಳಿದ. ನಡುವೆ 7ನೇ ಶತಮಾನದಲ್ಲಿ ಮೊದಲನೇ ಹೊನೋರಿಯಸ್, ವೀನಸ್ ಮತ್ತು ರೋಮಾ ದೇವಾಲಯದ ಕಂಚಿನ ಹೆಂಚುಗಳನ್ನು ಬಿಚ್ಚಿಸಿ ಅದೇ ಛಾವಣಿಗೆ ಹೊದಿಸಿದ.

ಆ ಕಾಲದ ಮೂಲ ಟ್ರಸ್ ಇವತ್ತೂ ನೋಡಸಿಗುವುದು ಸಿನಾಯ್ ಬೆಟ್ಟದ ಬುಡದಲ್ಲಿರುವ ಸೇಂಟ್ ಕ್ಯಾಥರೀನ್ ಮಠದ ಬೆಸಿಲಿಕಾದಲ್ಲಿ. ಮರುಭೂಮಿಯ ಒಣ ಹವೆಯಲ್ಲಿ, ಆಮೇಲಿನ ಒಳಛಾವಣಿಯ ಮರೆಯಲ್ಲಿ, 6ನೇ ಶತಮಾನದ ತೊಲೆಗಳು ಉಳಿದುಕೊಂಡಿವೆ. ಅವುಗಳ ಮೇಲೆ ಕೆತ್ತಿದ ಗ್ರೀಕ್ ಬರಹದಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಕ್ಷೇಮಕ್ಕೆ, ತೀರಿಹೋದ ರಾಣಿ ಥಿಯೊಡೋರಾಳ ನೆನಪಿಗೆ ಪ್ರಾರ್ಥನೆಯಿದೆ. ಇನ್ನೊಂದರಲ್ಲಿ ಕಟ್ಟಿದವನ ಹೆಸರು, ಐಲಾದ ಸ್ಟೆಫನೋಸ್. ರಾಣಿ ಸತ್ತದ್ದು 548ರಲ್ಲಿ, ರಾಜ ಸತ್ತದ್ದು 565ರಲ್ಲಿ. ಛಾವಣಿ ಏರಿದ್ದು ಈ ಎರಡು ವರ್ಷಗಳ ನಡುವೆ ಎಂದು ತೊಲೆಯೇ ಹೇಳುತ್ತದೆ. ಕಟ್ಟಿದ ಕೈಯ ಹೆಸರು ಇಷ್ಟು ನೇರವಾಗಿ ನಮ್ಮವರೆಗೆ ಬಂದಿರುವುದು ಅಪರೂಪ.

ಛಾವಣಿಯ ಕೆಳಗೆ ಗೋಡೆ. ಸಾಂತಾ ಸಬೀನಾದ ನಡುಅಂಕಣ ಸುಮಾರು 13.5 ಮೀಟರ್ ಅಗಲ, 19 ಮೀಟರ್ ಎತ್ತರ. ಇಂಥ ಕಟ್ಟಡಗಳ ನಡುಗೋಡೆ ಎರಡರಿಂದ ಮೂರು ರೋಮನ್ ಅಡಿ ದಪ್ಪ. ರೋಮನ್ ಅಡಿ 29.6 ಸೆಂಟಿಮೀಟರ್, ಹಾಗಾಗಿ 60ರಿಂದ 90 ಸೆಂಟಿಮೀಟರ್. ನಿಮ್ಮ ಮುಖ್ಯ ಪ್ರಶ್ನೆ ಬರುವುದು ಇಲ್ಲೇ. ಒಂದು ಕಂಬಕ್ಕೆ ಬೀಳುವ ಭಾರವನ್ನು ಅಂದಾಜು ಮಾಡೋಣ. ಕಂಬದಿಂದ ಕಂಬಕ್ಕೆ 3.6 ಮೀಟರ್, ಕಮಾನಿನ ಮೇಲೆ 10 ಮೀಟರ್ ಗೋಡೆ, ದಪ್ಪ 0.6, ಕಿಟಕಿಯ ತೆರವು ಕಳೆದರೆ 18 ಘನಮೀಟರ್ ಇಟ್ಟಿಗೆ ಕೆಲಸ, ಅಂದರೆ 32 ಟನ್. ಛಾವಣಿಯ ಪಾಲು 3-4 ಟನ್ ಸೇರಿಸಿ, ಸುಮಾರು 36 ಟನ್ ಎನ್ನಿ. 60 ಸೆಂಟಿಮೀಟರ್ ವ್ಯಾಸದ ಅಮೃತಶಿಲೆಯ ಕಂಬದ ಅಡ್ಡಕೊಯ್ತ 0.28 ಚದರ ಮೀಟರ್. ಒತ್ತಡ ಚದರ ಮೀಟರಿಗೆ 130 ಟನ್ ಆಯಿತು. ಒಳ್ಳೆಯ ಅಮೃತಶಿಲೆ ತಡೆಯುವುದರ ಇಪ್ಪತ್ತನೇ ಒಂದು ಪಾಲೂ ಅಲ್ಲ. ಕಂಬ ನುಜ್ಜಾಗುವ ಭಯವೇ ಇಲ್ಲ. ಭಯವಿರುವುದು ಗೋಡೆ ವಾಲುವುದರಲ್ಲಿ. 60 ಸೆಂಟಿಮೀಟರ್ ದಪ್ಪಕ್ಕೆ 19 ಮೀಟರ್ ಎತ್ತರ ಎಂದರೆ ಒಂದಕ್ಕೆ ಮೂವತ್ತಕ್ಕೂ ಹೆಚ್ಚು. ಅದನ್ನು ಹಿಡಿದಿರುವುದು ನಡುಮಟ್ಟದಲ್ಲಿ ಒರಗಿರುವ ಪಕ್ಕದ ಅಂಕಣದ ಮಾಡು, ತಲೆಯಲ್ಲಿ ಟ್ರಸ್ಸಿನ ಅಡ್ಡತೊಲೆ, ಎರಡು ಕೊನೆಗಳಲ್ಲಿ ಮುಂಗೋಡೆ ಮತ್ತು ಏಪ್ಸ್ ಮುಂದಿನ ದೊಡ್ಡ ಕಮಾನಿನ ಗೋಡೆ.

ಇಷ್ಟೂ ಹಿಡಿತ ಸಾಲದೆ ಹೋದದ್ದಕ್ಕೆ ಹಳೆಯ ಸೇಂಟ್ ಪೀಟರ್ಸ್ ಸಾಕ್ಷಿ. ಪೇತ್ರನ ಸಮಾಧಿ ಇದ್ದಲ್ಲೇ ಬಲಿಪೀಠ ಬರಬೇಕೆಂಬ ಕಾರಣಕ್ಕೆ ವ್ಯಾಟಿಕನ್ ಗುಡ್ಡದ ಇಳಿಜಾರನ್ನೇ ಆಯಬೇಕಾಯಿತು. ಉತ್ತರಕ್ಕೆ ಗುಡ್ಡ ಕಡಿದು, ದಕ್ಷಿಣಕ್ಕೆ ಇದ್ದ ಸ್ಮಶಾನದ ಸಮಾಧಿ ಮನೆಗಳ ಛಾವಣಿ ಒಡೆದು ಮಣ್ಣು ತುಂಬಿ ಮಟ್ಟ ಮಾಡಿದರು. ಅಡಿಪಾಯದ ಒಂದು ಬದಿ ಗಟ್ಟಿ ನೆಲದ ಮೇಲೆ, ಇನ್ನೊಂದು ತುಂಬಿದ ಮಣ್ಣಿನ ನಡುವೆ. 15ನೇ ಶತಮಾನದ ಹೊತ್ತಿಗೆ ದಕ್ಷಿಣದ ನಡುಗೋಡೆ ಕಣ್ಣಿಗೆ ಹೊಡೆಯುವಷ್ಟು ಹೊರಕ್ಕೆ ವಾಲಿತ್ತು. ಉದ್ದಕ್ಕೂ ತೆರವುಗಳ ಮೇಲೆ, ಎಲ್ಲೂ ಒಂದು ತಿರುವಾಗಲಿ ಆನಿಕೆಯಾಗಲಿ ಇಲ್ಲದೆ, ಅಷ್ಟುದ್ದ ಅಷ್ಟೆತ್ತರದ ಗೋಡೆ ಎಬ್ಬಿಸಿದ್ದೇ ತಪ್ಪು ಎಂದು ಆ ಶತಮಾನದ ವಾಸ್ತುಶಿಲ್ಪಿ ಆಲ್ಬರ್ಟಿ ಟೀಕಿಸಿದ. ಟೀಕೆ ನ್ಯಾಯವಾದದ್ದೇ. ಆದರೂ ಆ ತಪ್ಪು ಗೋಡೆ ಸಾವಿರಕ್ಕೂ ಹೆಚ್ಚು ವರ್ಷ ನಿಂತಿತ್ತೆಂಬುದನ್ನು ಮರೆಯಬಾರದು.

ಗೋಡೆಯ ಕೆಲಸ ಹತ್ತಿರದಿಂದ ನೋಡಬೇಕಾದದ್ದು. ಎರಡು ಮುಖಕ್ಕೂ ಇಟ್ಟಿಗೆ, ನಡುವೆ ಸುಣ್ಣ, ಅಗ್ನಿಪರ್ವತದ ಬೂದಿಮಣ್ಣು ಮತ್ತು ಕಲ್ಲುಚೂರಿನ ಕಾಂಕ್ರೀಟು. ಹಲವೆಡೆ ಒಂದು ವರಸೆ ಇಟ್ಟಿಗೆ, ಒಂದು ವರಸೆ ಮೆತುಗಲ್ಲು ಹೀಗೆ ಬದಲಿಸಿ ಕಟ್ಟಿರುತ್ತಾರೆ. ರೋಮಿನಲ್ಲಿ ಗೋಡೆಯ ಕಾಲ ಅಂದಾಜು ಮಾಡುವವರು ಐದು ಇಟ್ಟಿಗೆ ಮತ್ತು ಐದು ಗಾರೆ ಪದರಗಳ ಒಟ್ಟು ಎತ್ತರವನ್ನು ಅಳೆಯುತ್ತಾರೆ. 1-2ನೇ ಶತಮಾನದಲ್ಲಿ ಗಾರೆ ತೆಳು. 4-5ನೇ ಶತಮಾನಕ್ಕೆ ಬಂದರೆ ಹಳೆಯ ಕಟ್ಟಡದಿಂದ ಬಿಚ್ಚಿದ ಅಡ್ಡಾದಿಡ್ಡಿ ಇಟ್ಟಿಗೆಗಳು, ಅವನ್ನು ಮಟ್ಟಕ್ಕೆ ತರಲು ಇಟ್ಟಿಗೆಯಷ್ಟೇ ದಪ್ಪದ ಗಾರೆ. ದಪ್ಪ ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ, ಕುಸಿಯುವುದೂ ಹೆಚ್ಚು. ಒಂದೇ ಬೀಸಿಗೆ ಗೋಡೆ ಏರಿಸಿದರೆ ಕೆಳಗಿನ ವರಸೆಗಳು ಅದುಮಿಹೋಗಿ, ತೂಗುಗುಂಡು ಬಿಟ್ಟಾಗ ಹೊಟ್ಟೆ ಬಂದಿರುವುದು ಕಾಣುತ್ತದೆ.

ಕಂಬಗಳ ಮೇಲೆ ನೇರ ಕಲ್ಲುತೊಲೆಯೋ ಕಮಾನೋ ಎಂಬುದು ಆ ಕಾಲದಲ್ಲಿ ನಿಜಕ್ಕೂ ಎದುರಾದ ಆಯ್ಕೆ. ಹಳೆಯ ಸೇಂಟ್ ಪೀಟರ್ಸ್‌ನ ನಡುಅಂಕಣದಲ್ಲಿ ಬದಿಗೆ 22 ಕಂಬ, ಮೇಲೆ ಕಲ್ಲುತೊಲೆ. ಪೋಪ್ ಮೂರನೇ ಸಿಕ್ಸ್ಟಸ್ 432ರಿಂದ 440ರ ನಡುವೆ ಕಟ್ಟಿಸಿದ ಸಾಂತಾ ಮರಿಯಾ ಮಜ್ಜೋರೆಯಲ್ಲೂ ಹಾಗೇ. ನೋಡಲು ಗಂಭೀರ. ಆದರೆ ಕಲ್ಲು ಎಳೆತಕ್ಕೆ ದುರ್ಬಲ. ತೊಲೆಯ ಮೇಲೆ ಹತ್ತು ಮೀಟರ್ ಗೋಡೆ ಕೂರಿಸಿದರೆ ನಡುವೆ ಬಿರುಕು ಬಿಡುತ್ತದೆ. ಹಾಗಾಗಿ ತೊಲೆಯ ಮೇಲಿನ ಇಟ್ಟಿಗೆ ಕೆಲಸದೊಳಗೆ ಭಾರ ತಪ್ಪಿಸುವ ಗುಪ್ತ ಕಮಾನು ಹಾಕಬೇಕು. ಕಮಾನು ಹೇಗೂ ಬೇಕೇ ಬೇಕೆಂದ ಮೇಲೆ ಅದನ್ನೇ ಬಯಲಿಗೆ ತಂದರೆ ತೊಲೆಯ ಖರ್ಚು ಉಳಿಯಿತು, ಅಂತರವೂ ಹೆಚ್ಚಿತು. 380ರ ದಶಕದಲ್ಲಿ ಶುರುವಾದ, ನಾಲ್ಕು ಸಾಲಿನಲ್ಲಿ 80 ಕಂಬಗಳ, ರೋಮಿನ ಸೇಂಟ್ ಪೌಲ್ ಬೆಸಿಲಿಕಾ ಕಮಾನಿನದ್ದು. ಸಾಂತಾ ಸಬೀನಾದ್ದೂ ಕಮಾನಿನದ್ದೇ. ಸಾಲಿನ ಒಳಗೆ ಒಂದು ಕಮಾನಿನ ತಳ್ಳುವಿಕೆಯನ್ನು ಪಕ್ಕದ್ದು ಸರಿದೂಗಿಸುತ್ತದೆ, ಕೊನೆಯ ಕಮಾನಿಗೆ ಮಾತ್ರ ಗೋಡೆಯ ಆಸರೆ ಬೇಕು. ಕಟ್ಟುವಾಗ ಇದೇ ದೊಡ್ಡ ಎಚ್ಚರ: ಪಕ್ಕದ ಕಮಾನು ಮುಗಿಯುವ ಮುಂಚೆ ಈ ಕಮಾನಿನ ಸೆಂಟ್ರಿಂಗ್ ಬಿಚ್ಚಿದರೆ ಕಂಬ ಪಕ್ಕಕ್ಕೆ ಉರುಳುತ್ತದೆ.

ಸಾಂತಾ ಸಬೀನಾದ 24 ಕಂಬಗಳು ಗೀರುಗೆತ್ತನೆಯ ಕೊರಿಂಥಿಯನ್ ಕಂಬಗಳು, 2ನೇ ಶತಮಾನದ ಯಾವುದೋ ಕಟ್ಟಡದಿಂದ ತಂದವು, ಒಂದಕ್ಕೊಂದು ಹೊಂದುವ ಜೋಡಿ. ಇದು ಅದೃಷ್ಟ. ಬೇರೆ ಕಡೆ ಗ್ರಾನೈಟು, ಬಿಳಿ, ಹಸಿರು, ಗೀರು ಇದ್ದದ್ದು ಇಲ್ಲದ್ದು ಎಲ್ಲ ಬೆರೆತಿರುತ್ತವೆ. ಎತ್ತರ ಹೊಂದದಿದ್ದರೆ ಕಂಬದ ಪೀಠವನ್ನು ಎತ್ತರಿಸಿಯೋ ಕಂಬದ ತಲೆಯ ಬೋದಿಗೆಯನ್ನು ಬದಲಿಸಿಯೋ ಮಟ್ಟಕ್ಕೆ ತರುತ್ತಿದ್ದರು. ಸಾಲಿನುದ್ದಕ್ಕೂ ಸಮವಾಗದ್ದನ್ನು ಎದುರುಬದುರಾಗಿ ಜೋಡಿ ಮಾಡುತ್ತಿದ್ದರು: ಎಡಕ್ಕೆ ಹಸಿರು ಇದ್ದಲ್ಲಿ ಬಲಕ್ಕೂ ಹಸಿರು. ಹಳೆಯ ಕಟ್ಟಡಗಳ ಸುಲಿಗೆ ಮಿತಿಮೀರಿ, 458ರಲ್ಲಿ ಮೇಜೋರಿಯನ್ ಚಕ್ರವರ್ತಿ ರೋಮಿನ ಸಾರ್ವಜನಿಕ ಕಟ್ಟಡ ಕೆಡವುವುದರ ವಿರುದ್ಧ ಕಾನೂನನ್ನೇ ತಂದ. ಪೂರ್ವದಲ್ಲಿ ಕಥೆಯೇ ಬೇರೆ. ಕಾನ್‌ಸ್ಟಾಂಟಿನೋಪಲ್ ಬಳಿಯ ಪ್ರೊಕೊನೆಸಸ್ ದ್ವೀಪದ ಗಣಿಯಲ್ಲಿ ಕಂಬ, ಪೀಠ, ಬೋದಿಗೆ, ಬಲಿಪೀಠದ ಮುಂದಿನ ತಡೆಹಲಗೆ ಎಲ್ಲ ತಯಾರಾಗಿ ಹಡಗೇರುತ್ತಿದ್ದವು. ಸಿಸಿಲಿಯ ಮಾರ್ಜಮೆಮಿ ಬಳಿ 6ನೇ ಶತಮಾನದಲ್ಲಿ ಮುಳುಗಿದ ಹಡಗೊಂದರಲ್ಲಿ ಒಂದು ಚರ್ಚಿನ ಒಳಾಂಗಣಕ್ಕೆ ಬೇಕಾದ ಅಮೃತಶಿಲೆಯ ಸರಂಜಾಮು ಸಿಕ್ಕಿದೆ. ಇಟಲಿಯ ರವೆನ್ನಾದಲ್ಲಿ ಬೋದಿಗೆಗೂ ಕಮಾನಿಗೂ ನಡುವೆ ತಲೆಕೆಳಗಾದ ಮೊಟಕು ಪಿರಮಿಡ್ಡಿನಂಥ ಒಂದು ಕಲ್ಲು ಕಾಣುತ್ತದೆ. ಗೋಡೆಯ ದಪ್ಪ ಕಂಬಕ್ಕಿಂತ ಹೆಚ್ಚಿರುವುದರಿಂದ ಆ ಭಾರವನ್ನು ಕಂಬದ ನಡುವಿಗೆ ತರುವುದು ಅದರ ಕೆಲಸ, ಅಲಂಕಾರವೆಂದು ಬಿಟ್ಟುಬಿಡಬೇಡಿ.

ಕಂಬಗಳ ಕೆಳಗೆ ಒಂದೊಂದಕ್ಕೆ ಒಂದೊಂದು ಪಾಯ ತೋರಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಲ್ಯಾಟರನ್‌ನಲ್ಲೂ ಸೇಂಟ್ ಪೀಟರ್ಸ್‌ನಲ್ಲೂ ಕಂಬದ ಸಾಲಿನ ಕೆಳಗೆ ಉದ್ದಕ್ಕೂ ಹರಿದ ಗೋಡೆಯಂಥ ಅಡಿಪಾಯವಿತ್ತು. ನೆಲ ಅಲ್ಲಲ್ಲಿ ಮೆತ್ತಗಿದ್ದರೂ ಸಾಲು ಒಟ್ಟಾಗಿ ಕೂರಲಿ ಎಂಬ ಉದ್ದೇಶ. ರವೆನ್ನಾದಲ್ಲಂತೂ ನೆಲವೇ ಕುಸಿಯುತ್ತ ನೀರು ಮೇಲೇರಿದ್ದರಿಂದ, ಸಾಂತ್ ಅಪೊಲಿನಾರೆ ನುವೊವೊ ಚರ್ಚಿನ ಕಂಬಗಳನ್ನೇ 16ನೇ ಶತಮಾನದಲ್ಲಿ ಮೇಲಕ್ಕೆತ್ತಿ ನೆಲ ಎತ್ತರಿಸಬೇಕಾಯಿತು. ಇವತ್ತು ಅಲ್ಲಿ ಕಾಣುವ ಅನುಪಾತವನ್ನು ಮೂಲದ್ದೆಂದು ಅಳೆದುಕೊಂಡರೆ ಲೆಕ್ಕ ತಪ್ಪುತ್ತದೆ.

ಬೆಳಕಿಗೆ ಬರೋಣ. ಗೋಡೆ ತೆಳುವಾಗಿರುವುದರಿಂದಲೇ ಪ್ರತಿ ಕಮಾನಿನ ನೇರಕ್ಕೆ ಮೇಲೊಂದು ದೊಡ್ಡ ಕಿಟಕಿ ಸಾಧ್ಯವಾಯಿತು. ಕಿಟಕಿಗೆ ಕಲ್ಲಿನ ಅಥವಾ ಗಾರೆಯ ಜಾಲಂಧ್ರ, ಅದರ ತೂತುಗಳಲ್ಲಿ ಗಾಜು ಇಲ್ಲವೇ ಸೆಲೆನೈಟ್ ಎಂಬ ಪಾರದರ್ಶಕ ಜಿಪ್ಸಮ್ ಹಾಳೆ. ಬಿಸಿಲು ನೇರ ಬೀಳದೆ ಹಾಲಿನಂತೆ ಹರಡುತ್ತದೆ. 1587ರಲ್ಲಿ ವಾಸ್ತುಶಿಲ್ಪಿ ಡೊಮೆನಿಕೊ ಫೊಂಟಾನ ಸಾಂತಾ ಸಬೀನಾವನ್ನು ಹೊಸ ರುಚಿಗೆ ತಿದ್ದಿದಾಗ ಒಳಗಿನ ಹಳೆಯ ಕಲ್ಲಿನ ಕಟಾಂಜನ ಬಿಚ್ಚಿಹೋಯಿತು, ಕಿಟಕಿಗಳು ಮುಚ್ಚಿಹೋದವು. 1914ರಿಂದ 1919ರವರೆಗೆ, ಮತ್ತೆ 1930ರ ದಶಕದಲ್ಲಿ ಆಂತೋನಿಯೊ ಮುನ್ಯೋಜ್ ಅವನ್ನು ತೆರೆಸಿ, ಗೋಡೆಯಲ್ಲಿ ಸಿಕ್ಕ 9ನೇ ಶತಮಾನದ ಚೂರುಗಳ ಮಾದರಿಯಲ್ಲಿ ಜಾಲಂಧ್ರ ಕೂರಿಸಿದ. ಈಗ ಮೇಲೆ ಕಾಣುವ ಚೌಕುಳಿ ಮರದ ಒಳಛಾವಣಿಯೂ ಮುನ್ಯೋಜ್ ಕಾಲದ್ದೇ. ಕಮಾನುಗಳ ನಡುವಿನ ಮೂಲೆಗಳಲ್ಲಿ ಕೆಂಪು ಮತ್ತು ಹಸಿರು ಕಲ್ಲು ಕತ್ತರಿಸಿ ಕೂರಿಸಿದ ಬಟ್ಟಲು ತಟ್ಟೆಗಳ ಚಿತ್ರ, ಸೈಪ್ರೆಸ್ ಮರದ ಬಾಗಿಲು ಮಾತ್ರ 5ನೇ ಶತಮಾನದವು. ಬಾಗಿಲಿನ 28 ಹಲಗೆಗಳಲ್ಲಿ 18 ಉಳಿದಿವೆ. ಶಿಲುಬೆಗೇರಿಸಿದ ದೃಶ್ಯದ ಅತಿ ಹಳೆಯ ಚಿತ್ರಣಗಳಲ್ಲಿ ಒಂದು ಅದರಲ್ಲಿದೆ.

ಕಮಾನುಛಾವಣಿ ಇರುವುದು ಏಪ್ಸ್ ಒಂದಕ್ಕೆ ಮಾತ್ರ: ಅರ್ಧ ಗುಮ್ಮಟ. ಅಗಲ ಕಡಿಮೆ, ದುಂಡನೆಯ ಗೋಡೆ ತನ್ನ ಆಕಾರದಿಂದಲೇ ಗಟ್ಟಿ. ರೋಮಿನಲ್ಲಿ ಹೊರಗೂ ದುಂಡಗೆ; ರವೆನ್ನಾದ ಸಾಂತ್ ಅಪೊಲಿನಾರೆ ಇನ್ ಕ್ಲಾಸೆಯಲ್ಲಿ, 549ರಲ್ಲಿ ಪ್ರತಿಷ್ಠೆಯಾದದ್ದು, ಒಳಗೆ ದುಂಡು, ಹೊರಗೆ ಬಹುಭುಜ. ಸಿರಿಯಾದಲ್ಲಿ ಎಲ್ಲವೂ ಕೆತ್ತಿದ ಕಲ್ಲು. ಕಲ್ಬ್ ಲೋಜೆಯಲ್ಲಿ ಕಂಬದ ಬದಲು ಗಿಡ್ಡ ದಪ್ಪ ಆಸರೆಗಳ ಮೇಲೆ ಅಗಲವಾದ ಕಮಾನು. ಉತ್ತರ ಆಫ್ರಿಕದಲ್ಲಿ ಎರಡೂ ಕೊನೆಗೆ ಏಪ್ಸ್ ಇರುವುದುಂಟು.

ಐಹೊಳೆಯ ವಿಷಯ. ದುರ್ಗ ಗುಡಿ 7-8ನೇ ಶತಮಾನದ್ದು. ಅದರ ಗಜಪೃಷ್ಠದ, ಅಂದರೆ ದುಂಡನೆಯ ಹಿಂಭಾಗದ, ಸುತ್ತ ಕಂಬಸಾಲಿನ ಪ್ರದಕ್ಷಿಣಾಪಥ ಹೋಗುತ್ತದೆ. ಕಾರ್ಲೆಯ ಬೌದ್ಧ ಚೈತ್ಯದಲ್ಲೂ ಪಕ್ಕದ ಅಂಕಣ ಸ್ತೂಪವನ್ನು ಸುತ್ತಿ ಬರುತ್ತದೆ. ಸಾಮಾನ್ಯ ಬೆಸಿಲಿಕಾದಲ್ಲಿ ಪಕ್ಕದ ಅಂಕಣಗಳು ಏಪ್ಸ್ ಮುಂದೆ ನಿಂತುಬಿಡುತ್ತವೆ. ಏಪ್ಸ್ ಬಿಷಪ್ಪರ ಪೀಠ ಮತ್ತು ಪಾದ್ರಿಗಳ ಕಲ್ಲುಬೆಂಚಿನ ಜಾಗ, ಅದನ್ನು ಯಾರೂ ಸುತ್ತುವುದಿಲ್ಲ. ಹಾಗಾಗಿ ಹೋಲಿಕೆ ಹೊರರೂಪದ್ದು. ಒಂದರಿಂದ ಇನ್ನೊಂದು ಬಂದಿತೆನ್ನಲು ಪುರಾವೆ ಇಲ್ಲ. ಪಕ್ಕದ ಅಂಕಣ ಏಪ್ಸನ್ನು ಸುತ್ತುವ ಬೆಸಿಲಿಕಾಗಳೂ ಇವೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಕಾನ್‌ಸ್ಟಂಟೈನ್ ಕಾಲದಲ್ಲಿ ರೋಮಿನ ಗೋಡೆಯ ಹೊರಗೆ, ಹುತಾತ್ಮರ ಸಮಾಧಿಗಳ ಬಳಿ, ರಥಗಳ ಓಟದ ಮೈದಾನದ ಆಕಾರದಲ್ಲಿ ಕಟ್ಟಿದವು. ಸಾನ್ ಸೆಬಾಸ್ತಿಯಾನೊ ಅಂಥದ್ದು. ನೆಲದ ತುಂಬ ಗೋರಿಗಳಿದ್ದ, ಸಾವಿನ ಸ್ಮರಣೆಗೆಂದೇ ಕಟ್ಟಿದ ಚಾವಡಿಗಳು ಅವು. ನಮ್ಮ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ, ಕಾರ್ಕಳದ ಅತ್ತೂರು ಬೆಸಿಲಿಕಾಗಳಿಗೆ ಆ ಹೆಸರು ಪೋಪ್ ಕೊಟ್ಟ ಗೌರವದಿಂದ ಬಂದದ್ದು, ಮಾಡೆಲಿಗೆ ಅವನ್ನು ನೋಡಿ ಅಳತೆ ತೆಗೆಯಬೇಡಿ.

ಬೆಂಕಿಯ ಮಾತು ಹೇಳದೆ ಛಾವಣಿಯ ವಿಷಯ ಪೂರ್ತಿಯಾಗದು. 1823ರ ಜುಲೈ 15ರ ರಾತ್ರಿ ಸೇಂಟ್ ಪೌಲ್ ಬೆಸಿಲಿಕಾ ಸುಟ್ಟಿತು. ಛಾವಣಿ ರಿಪೇರಿ ಮಾಡುತ್ತಿದ್ದ ಕೆಲಸಗಾರರ ಕೆಂಡದಿಂದ ಹೊತ್ತಿದ ಬೆಂಕಿ. ಉರಿಯುವ ತೊಲೆಗಳು ಕೆಳಗೆ ಬಿದ್ದು ನೆಲದ ಮೇಲೇ ಧಗಧಗಿಸಿದವು. ಅಮೃತಶಿಲೆ ಅಷ್ಟು ಬಿಸಿಗೆ ಸುಣ್ಣವಾಗುತ್ತದೆ, ಕಂಬಗಳು ಸೀಳಿಹೋದವು. ಹದಿನಾಲ್ಕು ಶತಮಾನ ಬಾಳಿದ ಕಟ್ಟಡ ಅದು, ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಈಗಿರುವುದು 1854ರಲ್ಲಿ ಪ್ರತಿಷ್ಠೆಯಾದ ಮರುನಿರ್ಮಾಣ. ಥೆಸಲೊನೀಕಿಯ ಹಾಗಿಯೋಸ್ ದಿಮಿತ್ರಿಯೋಸ್ 1917ರಲ್ಲಿ ಹೀಗೇ ಸುಟ್ಟಿತು.

ಇನ್ನು ನಿಮ್ಮ ಮಾಡೆಲ್. 1:100ರಲ್ಲಿ ನಡುಅಂಕಣ 13.5 ಸೆಂಟಿಮೀಟರ್ ಅಗಲ, 19 ಎತ್ತರ. ಪಕ್ಕದ ಅಂಕಣ ತಲಾ 5 ಎಂದು ಹಿಡಿಯಿರಿ. ಉದ್ದ 47, ಅದರಲ್ಲಿ ಬದಿಗೆ 12 ಕಂಬ, 13 ಕಮಾನು. ಗೋಡೆಗೆ 6 ಮಿಲಿಮೀಟರ್ ಹಾಳೆ, ಕಂಬಕ್ಕೂ 6 ಮಿಲಿಮೀಟರ್ ಕಡ್ಡಿ. ಅಡ್ಡತೊಲೆಗೆ 3-4 ಮಿಲಿಮೀಟರ್ ಮರ. ಟ್ರಸ್ಸಿನ ಮೇಲೆ ಉದ್ದತೊಲೆ, ಅದರ ಮೇಲೆ ಸಣ್ಣ ಅಡ್ಡಪಟ್ಟಿ, ಆಮೇಲೆ ಹೆಂಚು. ಕಮಾನಿನ ನೆತ್ತಿ ಒಟ್ಟು ಎತ್ತರದ ಅರ್ಧ ದಾಟಬಾರದು, ಅದರ ಮೇಲಿನ ಬರಿಗೋಡೆಗೆ ಪಕ್ಕದ ಮಾಡು ಒರಗಲಿ. ಆ ಸೇರುವೆಯೇ ನೀರು ಸೋರುವ ಜಾಗ, ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿ ತೋರಿಸಿ. ಕತ್ತರಿಸುವ ಗೆರೆಯನ್ನು ಕಂಬದ ನಡುವೆ ಹಾಯಿಸಬೇಡಿ, ಕಮಾನಿನ ನಡುವೆ ಹಾಯಿಸಿ. ಆಗ ಕಮಾನು, ಕಿಟಕಿ ಎರಡೂ ಕೊಯ್ತದಲ್ಲಿ ಬರುತ್ತವೆ, ಕಂಬ ಹಿಂದೆ ಪೂರ್ತಿಯಾಗಿ ಕಾಣುತ್ತದೆ.

ಗಂಟೆಗೋಪುರ ಬೇಡ, ಅವು ಶತಮಾನಗಳ ನಂತರ ಸೇರಿದವು. ಹೊರಗೆ ಆನುಗೋಡೆ, ಗುಂಡನೆಯ ಹೂಕಿಟಕಿ, ಒಳಗೆ ಸಾಲು ಬೆಂಚುಗಳೂ ಬೇಡ. ಜನ ನಿಂತೇ ಇರುತ್ತಿದ್ದರು. ಎತ್ತರಿಸಿದ ಬಲಿಪೀಠ ಮತ್ತು ಅದರ ಕೆಳಗಿನ ಸುತ್ತುಹಾದಿ ಸೇಂಟ್ ಪೀಟರ್ಸ್‌ಗೇ ಬಂದದ್ದು 600ರ ಸುಮಾರಿಗೆ, ಅದನ್ನು ಇಲ್ಲಿಗೆ ತರಬೇಡಿ. ಇಡಬೇಕಾದದ್ದು ಇಷ್ಟು: ಮೆಟ್ಟಿಲೊಂದರಷ್ಟು ಎತ್ತರದ ಬಲಿಪೀಠದ ಜಾಗ, ಮುಂದೆ ಎದೆಮಟ್ಟದ ಕಲ್ಲಿನ ತಡೆಹಲಗೆ, ಏಪ್ಸ್ ಗೋಡೆಗೆ ಅಂಟಿದ ಬೆಂಚು, ಅದರ ನಡುವೆ ಬಿಷಪ್ಪರ ಪೀಠ. ತಡೆಹಲಗೆಗಳ ರೂಪಕ್ಕೆ ರೋಮಿನ ಸಾನ್ ಕ್ಲೆಮೆಂತೆಯ ಫೋಟೋ ನೋಡಿ: ಅಲ್ಲಿ 6ನೇ ಶತಮಾನದ ಹಲಗೆಗಳನ್ನು 12ನೇ ಶತಮಾನದ ಚರ್ಚಿನಲ್ಲಿ ಮತ್ತೆ ಜೋಡಿಸಿದ್ದಾರೆ.